ರೇಖೆಗೆ ನೆರಳು ಬಂದ ಕಥೆ

ಗಡಿಯಾರಗಳು ಮನೆಮನೆಗೆ ಬರುವ ಮೊದಲು ನಮ್ಮ ಹಿರಿಯರು ಅಸರ್ ನಮಾಝಿನ ಹೊತ್ತನ್ನು ತಿಳಿಯುತ್ತಿದ್ದುದು ನೆರಳನ್ನು ನೋಡಿ. ಬಯಲಿನಲ್ಲಿ ಒಂದು ಕೋಲು ನೆಟ್ಟು, ನಡುಹಗಲಿನಲ್ಲಿ ಉಳಿಯುವ ನೆರಳಿನ ಅಳತೆಯನ್ನು ಕಳೆದು, ಮಿಕ್ಕ ನೆರಳು ಕೋಲಿನಷ್ಟೇ ಉದ್ದವಾದಾಗ ಅಸರ್ ಆರಂಭವಾಗುತ್ತದೆ ಎಂಬುದು ಶಾಫಿಈ ವಿದ್ವಾಂಸರ ಲೆಕ್ಕ. ಕೋಲಿನ ಎರಡು ಪಟ್ಟು ಆಗಬೇಕು ಎಂಬುದು ಹನಫಿಗಳಲ್ಲಿ ರೂಢಿಯಲ್ಲಿರುವ ಲೆಕ್ಕ. ಲೆಕ್ಕ ಯಾವುದಾದರೂ ಇರಲಿ, ನೆರಳಿಗೆ ಒಂದು ದಿಕ್ಕಿದೆ, ಒಂದು ಉದ್ದವಿದೆ, ಅದರ ಹಿಂದೆ ಒಂದು ಸೂರ್ಯನಿದ್ದಾನೆ ಎಂಬುದು ಅವರಿಗೆ ಓದು ಬರಹಕ್ಕಿಂತ ಮೊದಲೇ ಗೊತ್ತಿದ್ದ ಸಂಗತಿ.

ಇಂದು ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಡಿಟಿಪಿ ಅಂಗಡಿಗಳಲ್ಲಿ ಕಂಪ್ಯೂಟರಿನ ಮುಂದೆ ಕುಳಿತ ಹುಡುಗ ಹುಡುಗಿಯರು ಇದೇ ನೆರಳಿನ ಜೊತೆ ಹೆಣಗುತ್ತಿದ್ದಾರೆ. ಮದುವೆಯ ಕಾಗದ, ಅಂಗಡಿಯ ಬೋರ್ಡು, ಶಾಲಾ ವಾರ್ಷಿಕೋತ್ಸವದ ಬ್ಯಾನರ್, ಮೀನಿನ ಬೋಟಿನ ಸ್ಟಿಕ್ಕರ್ ಎಲ್ಲವೂ ಕೋರೆಲ್‌ಡ್ರಾ, ಇಲಸ್ಟ್ರೇಟರ್, ಇಂಕ್‌ಸ್ಕೇಪ್‌ನಂತಹ ವೆಕ್ಟರ್ ತಂತ್ರಾಂಶಗಳಲ್ಲಿ ತಯಾರಾಗುತ್ತವೆ. ರೇಖೆ ಎಳೆಯುವುದನ್ನು ಹೊಸಬರು ಒಂದೆರಡು ತಿಂಗಳಲ್ಲಿ ಕಲಿತುಬಿಡುತ್ತಾರೆ. ಕಷ್ಟವಿರುವುದು ಶೇಡಿಂಗ್‌ನಲ್ಲಿ. ಸೂರ್ಯ ಎಡಗಡೆ ಮೂಡಿರುತ್ತಾನೆ, ತೆಂಗಿನ ಮರದ ನೆರಳೂ ಎಡಗಡೆಗೇ ಬಿದ್ದಿರುತ್ತದೆ. ಚೆಂಡಿಗೆ ಹೊಳಪು ಕೊಟ್ಟಿರುತ್ತಾರೆ, ಆದರೆ ಚೆಂಡು ನೆಲದ ಮೇಲೆ ಕುಳಿತಿರುವುದಿಲ್ಲ, ಗಾಳಿಯಲ್ಲಿ ತೇಲುತ್ತಿರುತ್ತದೆ. ಇಂತಹ ಚಿತ್ರಗಳನ್ನು ನಾವು ದಿನವೂ ರಸ್ತೆ ಬದಿಯಲ್ಲಿ ನೋಡುತ್ತೇವೆ. ಏನೋ ಸರಿಯಿಲ್ಲ ಎಂದು ಕಣ್ಣು ಹೇಳುತ್ತದೆ, ಏನೆಂದು ಹೇಳಲು ಬಾಯಿಗೆ ಬರುವುದಿಲ್ಲ.

ಯಂತ್ರ ಬಂದ ಮೇಲೆ ಈ ತಪ್ಪು ಹೇಗೆ ಬಂತು ಎಂದು ಕೇಳಿದರೆ ಒಂದು ದೊಡ್ಡ ಚರಿತ್ರೆಯೇ ತೆರೆದುಕೊಳ್ಳುತ್ತದೆ. ಮುದ್ರಣದ ಉಪಕರಣ ಬದಲಾದಾಗಲೆಲ್ಲ ನೆರಳು ಕೈಬಿಟ್ಟುಹೋಗಿದೆ. ಬೆಳಕನ್ನು ಬಲ್ಲ ಯಾರೋ ಅದನ್ನು ಮತ್ತೆ ಆ ಉಪಕರಣದೊಳಗೆ ಕರೆತಂದಿದ್ದಾರೆ. ಹಾಗೆ ಕರೆತಂದವರು ಯಾವುದೋ ಒಂದು ದೇಶದವರಲ್ಲ, ಒಂದು ಧರ್ಮದವರೂ ಅಲ್ಲ.

ಗೆರೆಯೊಳಗೆ ಒಂದೇ ಬಣ್ಣ

ಮೊದಲು ವೆಕ್ಟರ್ ಎಂದರೇನೆಂದು ನೋಡೋಣ. ಕ್ಯಾಮೆರಾದ ಚಿತ್ರ ಲಕ್ಷಾಂತರ ಬಣ್ಣದ ಚುಕ್ಕಿಗಳ ರಾಶಿ. ಅದನ್ನು ಹಿಗ್ಗಿಸಿದರೆ ಚುಕ್ಕಿಗಳು ಕಾಣತೊಡಗುತ್ತವೆ. ವೆಕ್ಟರ್ ಚಿತ್ರದಲ್ಲಿ ಚುಕ್ಕಿಗಳಿಲ್ಲ, ರೇಖೆಯ ಲೆಕ್ಕವಿದೆ. ಒಂದು ಬಾಗಿದ ಗೆರೆಯನ್ನು ಹೇಳಲು ಅದರ ಎರಡು ತುದಿಗಳು ಮತ್ತು ಅದನ್ನು ಎಳೆದು ಬಗ್ಗಿಸುವ ಎರಡು ಹಿಡಿಗಳು, ಹೀಗೆ ನಾಲ್ಕು ಬಿಂದುಗಳು ಸಾಕು. ಬೆರಳ ತುದಿಯಷ್ಟು ಚಿತ್ರವನ್ನು ಬಸ್ಸಿನಷ್ಟು ದೊಡ್ಡದು ಮಾಡಿದರೂ ಗೆರೆ ಹರಿತವಾಗಿಯೇ ಉಳಿಯುತ್ತದೆ.

ಈ ಗಣಿತ ಹುಟ್ಟಿದ್ದು ಕಾರು ಕಾರ್ಖಾನೆಯಲ್ಲಿ. ಫ್ರಾನ್ಸಿನ ಸಿಟ್ರೋಯೆನ್ ಕಂಪೆನಿಯಲ್ಲಿದ್ದ ಪಾಲ್ ಡಿ ಕ್ಯಾಸ್ಟೆಲ್ಜೊ 1959ರಲ್ಲಿ ಇದನ್ನು ಕಂಡುಕೊಂಡರು. ರೆನೋ ಕಂಪೆನಿಯ ಪಿಯರ್ ಬೆಝಿಯರ್ 1960ರ ದಶಕದಲ್ಲಿ ಬೇರೆಯಾಗಿಯೇ ಅದೇ ದಾರಿಗೆ ಬಂದು ಅದನ್ನು ಪ್ರಚಾರಕ್ಕೆ ತಂದರು. ಹೀಗಾಗಿ ಗೆರೆಗೆ ಬೆಝಿಯರ್ ಎಂಬ ಹೆಸರೇ ನಿಂತಿತು. 1984ರಲ್ಲಿ ಅಡೋಬಿ ಸಂಸ್ಥೆಯ ಪೋಸ್ಟ್‌ಸ್ಕ್ರಿಪ್ಟ್ ಭಾಷೆ ಈ ಗೆರೆಗಳನ್ನು ಮುದ್ರಣಕ್ಕೆ ತಂದಿತು. 1987ರಲ್ಲಿ ಇಲಸ್ಟ್ರೇಟರ್, 1989ರಲ್ಲಿ ಕೆನಡಾದ ಕೋರೆಲ್‌ಡ್ರಾ ಬಂದವು. ಇಂದು ಕಂಪ್ಯೂಟರಿನಲ್ಲಿ ನಾವು ಓದುವ ಕನ್ನಡ ಅಕ್ಷರದ ಒಂದೊಂದು ತಲೆಕಟ್ಟೂ ಒಂದೊಂದು ಒತ್ತೂ ಇಂತಹ ಗೆರೆಗಳಿಂದಲೇ ಆಗಿದೆ.

ಆದರೆ ಆರಂಭದ ವೆಕ್ಟರ್ ಚಿತ್ರಕ್ಕೆ ಒಂದು ಬಡತನವಿತ್ತು. ಮುಚ್ಚಿದ ಗೆರೆಯೊಳಗೆ ಒಂದು ಬಣ್ಣ ತುಂಬಿದರೆ ಅಂಚಿನಿಂದ ಅಂಚಿನವರೆಗೆ ಅದೇ ಬಣ್ಣ. ಮಾವಿನ ಹಣ್ಣು ಬರೆದರೆ ಮಾವಿನ ಆಕಾರಕ್ಕೆ ಕತ್ತರಿಸಿದ ಹಳದಿ ಕಾಗದದಂತೆ ಕಾಣುತ್ತಿತ್ತು. ಗುಂಡಗಿರುವುದನ್ನು ಗುಂಡಗೆ ತೋರಿಸುವುದು ಹೇಗೆ? ಈ ಪ್ರಶ್ನೆಯನ್ನು ಕಂಪ್ಯೂಟರ್ ಹೊಸದಾಗಿ ಹುಟ್ಟುಹಾಕಲಿಲ್ಲ.

ಬಸ್ರಾದ ವಿದ್ವಾಂಸನ ಪಾಠ

ಕ್ರಿ.ಶ. 965ರ ಸುಮಾರಿಗೆ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ ಬೆಳಕಿನ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರು. 11ನೇ ಶತಮಾನದ ಆದಿಭಾಗದಲ್ಲಿ ಅವರು ರಚಿಸಿದ 'ಕಿತಾಬುಲ್ ಮನಾಝಿರ್' ಲ್ಯಾಟಿನ್‌ಗೆ ಅನುವಾದವಾಗಿ ಯುರೋಪಿನ ವಿದ್ವಾಂಸರ ಕೈಸೇರಿತು, 1572ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದಲ್ಲಿ ಅಚ್ಚಾಯಿತು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುವುದರಿಂದ ನೋಟ ಉಂಟಾಗುತ್ತದೆ ಎಂಬ ಹಳೆಯ ನಂಬಿಕೆಯನ್ನು ಅವರು ಅಲ್ಲಗಳೆದರು. ವಸ್ತುವಿನಿಂದ ಬೆಳಕು ಕಣ್ಣಿಗೆ ಬರುವುದರಿಂದಲೇ ನಾವು ನೋಡುತ್ತೇವೆ ಎಂದು ತೋರಿಸಿಕೊಟ್ಟರು.

ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ನೆರಳಿನ ಬಗ್ಗೆಯೇ ಅವರು ಬರೆದ ಒಂದು ಚಿಕ್ಕ ಗ್ರಂಥ. ಅದರಲ್ಲಿ ಅವರು ಕತ್ತಲೆ ಮತ್ತು ನೆರಳನ್ನು ಬೇರೆ ಬೇರೆ ಮಾಡುತ್ತಾರೆ. ಬೆಳಕು ಪೂರ್ತಿ ಇಲ್ಲದಿರುವುದು ಕತ್ತಲೆ. ಒಂದು ಬೆಳಕು ತಡೆದುಹೋಗಿ ಬೇರೆ ಬೆಳಕು ಉಳಿದಿರುವುದು ನೆರಳು. ಬಣ್ಣವಿರುವ ವಸ್ತುವಿನ ಮೇಲೆ ಬಿದ್ದ ಬೆಳಕು ಆ ಬಣ್ಣವನ್ನು ತನ್ನ ಜೊತೆ ಒಯ್ದು ಎದುರಿಗಿರುವ ಬಿಳಿಯ ವಸ್ತುವಿನ ಮೇಲೆ ಚೆಲ್ಲುತ್ತದೆ ಎಂಬುದನ್ನೂ ಅವರು ಗಮನಿಸಿದ್ದರು.

ಸಾವಿರ ವರ್ಷ ಹಳೆಯ ಈ ಎರಡು ಮಾತುಗಳು ಶೇಡಿಂಗ್ ಕಲಿಯುವವರ ಎರಡು ದೊಡ್ಡ ತಪ್ಪುಗಳಿಗೆ ಮದ್ದು. ಹೊಸಬರು ನೆರಳೆಂದರೆ ಕಪ್ಪು ಎಂದುಕೊಂಡು ಕೆಂಪು ಸೇಬಿನ ನೆರಳಿನ ಭಾಗಕ್ಕೆ ಕಪ್ಪು ಬಣ್ಣ ಬೆರೆಸುತ್ತಾರೆ. ಸೇಬು ಮಸಿ ಹಿಡಿದಂತಾಗುತ್ತದೆ. ನೆರಳಿನಲ್ಲಿ ಬೇರೆ ಬೆಳಕು ಉಳಿದಿದೆ ಎಂದು ತಿಳಿದವರು ಕಡುಗೆಂಪನ್ನೋ ನೇರಳೆ ಛಾಯೆಯನ್ನೋ ಹಾಕುತ್ತಾರೆ. ಇನ್ನು ಸುತ್ತಲಿನ ಬಣ್ಣ ಒಂದರ ಮೇಲೊಂದು ಚೆಲ್ಲುತ್ತದೆ ಎಂಬುದಕ್ಕೆ ಕರಾವಳಿಯವರಿಗೆ ಸಾಕ್ಷಿ ಬೇಕಿಲ್ಲ. ಮುರಕಲ್ಲಿನ ಕೆಂಪು ಅಂಗಳದಲ್ಲಿ ಬಿಳಿ ಅಂಗಿ ತೊಟ್ಟು ನಿಂತವನ ಗಲ್ಲದ ಕೆಳಗೆ ನೋಡಿದರೆ ಸಾಕು, ಅಂಗಳದ ಕೆಂಪು ಅಲ್ಲಿ ತೆಳುವಾಗಿ ಕಾಣುತ್ತದೆ.

ಹಿಂದುಸ್ತಾನದ ಚಿತ್ರಕಾರರೂ ಈ ವಿದ್ಯೆಯನ್ನು ತಮ್ಮದೇ ರೀತಿಯಲ್ಲಿ ಬೆಳೆಸಿದರು. ಮೊಗಲ್ ಚಿತ್ರಶಾಲೆಗಳಲ್ಲಿ ಸಣ್ಣ ಕುಂಚದಿಂದ ಒಂದರ ಪಕ್ಕ ಒಂದು ಚುಕ್ಕಿ ಇಟ್ಟು ನೆರಳು ಕಟ್ಟುವ 'ಪರ್ದಾಝ್' ಎಂಬ ಕ್ರಮವಿತ್ತು. ಮುಂದೆ ಜಹಾಂಗೀರನ ಮೆಚ್ಚಿನ ಚಿತ್ರಕಾರನಾದ ಅಬುಲ್ ಹಸನ್ ಇನ್ನೂ ಬಾಲಕನಾಗಿದ್ದಾಗ, 1600ರ ಸುಮಾರಿಗೆ, ಜರ್ಮನಿಯ ಡ್ಯೂರರ್‌ನ ಒಂದು ಮುದ್ರಿತ ಚಿತ್ರದಲ್ಲಿದ್ದ ಸಂತನ ಆಕೃತಿಯನ್ನು ನೋಡಿ ಬರೆದ. ಬಟ್ಟೆಯ ಮಡಿಕೆಗಳ ನೆರಳನ್ನು ಗೆರೆಗಳಿಂದಲೇ ಹಿಡಿಯಲು ಆ ಹುಡುಗ ಪಟ್ಟ ಶ್ರಮದ ಆ ಹಾಳೆ ಇಂದು ಆಕ್ಸ್‌ಫರ್ಡಿನ ಆಶ್ಮೋಲಿಯನ್ ವಸ್ತುಸಂಗ್ರಹಾಲಯದಲ್ಲಿದೆ.

ಕಲ್ಲಚ್ಚಿನಿಂದ ಮಣಿಪಾಲದವರೆಗೆ

ಕರಾವಳಿಗೆ ಮುದ್ರಣ ಬಂದದ್ದು ಕಲ್ಲಿನ ಮೂಲಕ. ಬಾಸೆಲ್ ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ತೆರೆಯಿತು. ಕನ್ನಡದ ಮೊದಲ ಪತ್ರಿಕೆಯಾದ ಹರ್ಮನ್ ಮೋಗ್ಲಿಂಗರ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿಯೇ ಹೊರಬಂತು. ನಯಗೊಳಿಸಿದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಕೈಯಲ್ಲಿ ಬರೆದು ಅಚ್ಚು ತೆಗೆಯುವ ವಿಧಾನ ಇದು. ಮಲಬಾರಿನ ಅರಬಿ-ಮಲಯಾಳಂ ಕಿತಾಬ್‌ಗಳು ಬಹುಕಾಲ ಇದೇ ಕಲ್ಲಚ್ಚಿನಲ್ಲಿ ಬಂದು ಮನೆಗಳನ್ನು ತಲುಪಿದವು. ಸೀಸದ ಮೊಳೆಗೆ ಒಗ್ಗದ ಬಾಗು ಬಳುಕುಗಳು ಕಲ್ಲಿನ ಮೇಲೆ ಸಲೀಸಾಗಿ ಬರುತ್ತಿದ್ದವು.

ಕಲ್ಲಿನಲ್ಲಿ ನೆರಳು ತರುವುದು ಬೇರೆಯೇ ಕೆಲಸ. ಮಸಿ ಅಂಟುತ್ತದೆ, ಇಲ್ಲವೇ ಅಂಟುವುದಿಲ್ಲ. ಅರ್ಧ ಕಪ್ಪು ಎಂಬುದು ಅಚ್ಚಿಗೆ ಗೊತ್ತಿಲ್ಲ. ಹೀಗಾಗಿ ನುರಿತ ಕೈಗಳು ಕಲ್ಲಿನ ಮೇಲೆ ಒತ್ತಾಗಿಯೂ ವಿರಳವಾಗಿಯೂ ಚುಕ್ಕಿ ಇಡುತ್ತಿದ್ದವು. ದೂರದಿಂದ ನೋಡುವ ಕಣ್ಣು ಅವನ್ನು ಕೂಡಿಸಿ ನೆರಳೆಂದು ಓದಿಕೊಳ್ಳುತ್ತಿತ್ತು. ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮುದ್ರಣಾಲಯದ ಬಣ್ಣದ ಚಿತ್ರಗಳ ಗುಟ್ಟು ಇದೇ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಕಲ್ಲಿನ ತುಂಬ ಚುಕ್ಕಿಗಳು. ವಿಜಯನಾಥ ಶೆಣೈಯವರು ಮಣಿಪಾಲದಲ್ಲಿ ಕಟ್ಟಿದ ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ಈ ಮುದ್ರಿತ ಚಿತ್ರಗಳ ಸಂಗ್ರಹವಿದೆ. ಹಳೆಯ ಮನೆಗಳನ್ನು ನೋಡಲು ಅಲ್ಲಿಗೆ ಹೋಗುವ ನಮ್ಮ ಮಕ್ಕಳು ಈ ಚಿತ್ರಗಳ ಸೀರೆಯ ಮಡಿಕೆಗಳನ್ನೂ ಹತ್ತಿರದಿಂದ ನೋಡಿ ಬರುವುದು ಒಳ್ಳೆಯದು.

1880ರ ದಶಕದಲ್ಲಿ ಈ ಚುಕ್ಕಿಯ ಕೆಲಸವನ್ನು ಹಾಫ್‌ಟೋನ್ ಪರದೆ ತನ್ನ ಕೈಗೆ ತೆಗೆದುಕೊಂಡಿತು. ಸಣ್ಣ ಚೌಕಗಳ ಗಾಜಿನ ಪರದೆಯ ಮೂಲಕ ಫೋಟೋ ತೆಗೆದರೆ ನೆರಳಿರುವಲ್ಲಿ ದೊಡ್ಡ ಚುಕ್ಕಿ, ಬೆಳಕಿರುವಲ್ಲಿ ಸಣ್ಣ ಚುಕ್ಕಿ ತಾನಾಗಿಯೇ ಬೀಳುತ್ತದೆ. ಈ ತಂತ್ರವನ್ನು ತಿದ್ದಿ ಬೆಳೆಸಿದವರಲ್ಲಿ ಕಲ್ಕತ್ತೆಯ ಉಪೇಂದ್ರಕಿಶೋರ್ ರಾಯ್ ಚೌಧುರಿಯವರೂ ಒಬ್ಬರು, ಚಿತ್ರ ನಿರ್ದೇಶಕ ಸತ್ಯಜಿತ್ ರಾಯ್ ಅವರ ಅಜ್ಜ.

ನಮ್ಮ ಜಿಲ್ಲೆಯಲ್ಲಿ ಮುದ್ರಣ ಒಂದು ದೊಡ್ಡ ಉದ್ಯಮವಾಗಿ ಬೆಳೆದದ್ದು ಮಣಿಪಾಲದಲ್ಲಿ. 1941ರಲ್ಲಿ ಮಣಿಪಾಲ್ ಪವರ್ ಪ್ರೆಸ್ ಆರಂಭವಾಯಿತು. 1970ರ ಜನವರಿ 1ರಂದು 'ಉದಯವಾಣಿ' ಹುಟ್ಟಿತು, 1983ರಲ್ಲಿ 'ತರಂಗ' ವಾರಪತ್ರಿಕೆ. ಅಚ್ಚುಕಟ್ಟಾದ ಮುದ್ರಣಕ್ಕೆ ಹೆಸರಾದ ಈ ಊರು ಮುದ್ರಣ ತಂತ್ರಜ್ಞಾನವನ್ನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠವಾಗಿಯೂ ಕಲಿಸಿತು. ಕಂಪ್ಯೂಟರ್ ಬಂದಾಗ ನಮ್ಮ ಕಡೆಯ ಹುಡುಗರಿಗೆ ಡಿಟಿಪಿ ಕೆಲಸ ಬೇಗ ಒಗ್ಗಿದ್ದಕ್ಕೆ ಸುತ್ತಮುತ್ತ ಬೆಳೆದಿದ್ದ ಈ ಮಸಿಯ ವಾಸನೆಯೂ ಒಂದು ಕಾರಣ.

ತಂತ್ರಾಂಶ ಕಲಿತ ನೆರಳು

ಒಂದೇ ಬಣ್ಣದ ಬಡತನದಿಂದ ವೆಕ್ಟರ್ ತಂತ್ರಾಂಶ ಮೇಲೆ ಬಂದದ್ದು ಹಂತ ಹಂತವಾಗಿ. ಮೊದಲು ಬಂದದ್ದು ಬ್ಲೆಂಡ್. ಹೊರಗೊಂದು ಕಡುಬಣ್ಣದ ದೊಡ್ಡ ಆಕಾರ, ಒಳಗೊಂದು ತಿಳಿಬಣ್ಣದ ಸಣ್ಣ ಆಕಾರ ಬರೆದರೆ ನಡುವಿನ ಹತ್ತಾರು ಮೆಟ್ಟಿಲುಗಳನ್ನು ಯಂತ್ರವೇ ತುಂಬುತ್ತದೆ. ಇಲಸ್ಟ್ರೇಟರ್‌ನಲ್ಲಿ ಇದು 1988ರ ಆವೃತ್ತಿಯಲ್ಲಿ ಬಂತು. ಆಮೇಲೆ ಗ್ರೇಡಿಯೆಂಟ್, ಅಂದರೆ ಒಂದು ಬಣ್ಣ ಇನ್ನೊಂದಕ್ಕೆ ಮೆಲ್ಲನೆ ಕರಗುವುದು. ಕೋರೆಲ್ ಬಳಸುವವರು ಇದನ್ನು ಫೌಂಟನ್ ಫಿಲ್ ಎಂದೇ ಬಲ್ಲರು. 1998ರಲ್ಲಿ ಇಲಸ್ಟ್ರೇಟರ್‌ಗೆ, 1999ರಲ್ಲಿ ಕೋರೆಲ್‌ಡ್ರಾಗೆ ಮೆಶ್ ಬಂತು. ಆಕಾರದ ಮೇಲೆ ಮೀನಿನ ಬಲೆಯಂತಹ ಬಲೆ ಹಾಸಿ, ಗೆರೆಗಳು ಕೂಡುವ ಒಂದೊಂದು ಜಾಗಕ್ಕೂ ಒಂದೊಂದು ಬಣ್ಣ ಕೊಡುವ ವಿಧಾನ ಅದು. ನಡುವಿನ ಬಣ್ಣಗಳು ತಾವಾಗಿಯೇ ಬೆರೆಯುತ್ತವೆ. ಅಂಚುಗಳ ಬಣ್ಣದಿಂದ ನಡುವಿನ ಬಣ್ಣವನ್ನು ಲೆಕ್ಕಹಾಕುವ ಈ ಯೋಚನೆಯನ್ನು ಹೆನ್ರಿ ಗೂರೋ 1971ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಮಂಡಿಸಿದ್ದರು.

ಪರದೆಯ ಮೇಲೆ ಚೆಂದ ಕಂಡ ನೆರಳು ಕಾಗದದ ಮೇಲೆ ಪಟ್ಟೆ ಪಟ್ಟೆಯಾಗಿ ಬರುವುದನ್ನು ಡಿಟಿಪಿಯವರು ಬಲ್ಲರು. ಇದರ ಕಾರಣ ಹಳೆಯ ಕಲ್ಲಚ್ಚಿನದೇ, ಅಚ್ಚಿಗೆ ಅರ್ಧ ಕಪ್ಪು ಗೊತ್ತಿಲ್ಲ. ಇಂಚಿಗೆ 600 ಚುಕ್ಕಿ ಇಡುವ ಲೇಸರ್ ಪ್ರಿಂಟರಿನಲ್ಲಿ ಇಂಚಿಗೆ 75 ಸಾಲಿನ ಹಾಫ್‌ಟೋನ್ ಹಾಕಿದರೆ ಒಂದು ಚುಕ್ಕಿಮನೆಗೆ ಸಿಗುವುದು 8ಕ್ಕೆ 8, ಅಂದರೆ 64 ಸಣ್ಣ ಚುಕ್ಕಿಗಳು. ಖಾಲಿ ಬಿಳಿಯನ್ನೂ ಸೇರಿಸಿದರೆ 65 ಛಾಯೆಗಳು. 10 ಇಂಚಿನ ಆಕಾಶವನ್ನು ಬಿಳಿಯಿಂದ ಕಪ್ಪಿಗೆ ಕರಗಿಸಿದರೆ ಒಂದೊಂದು ಛಾಯೆಯ ಅಗಲ ಸುಮಾರು 4 ಮಿಲಿಮೀಟರ್. ಕಣ್ಣಿಗೆ ಅದು ಪಟ್ಟೆಯಾಗಿ ಕಾಣದೆ ಇರುತ್ತದೆಯೇ? ಅದೇ ಇಂಚಿಗೆ 2400 ಚುಕ್ಕಿಯ ಯಂತ್ರದಲ್ಲಿ 150 ಸಾಲು ಹಾಕಿದರೆ 16ಕ್ಕೆ 16, ಅಂದರೆ 256ಕ್ಕೂ ಮಿಕ್ಕಿದ ಛಾಯೆಗಳು ಸಿಗುತ್ತವೆ. ಬಣ್ಣದ ಅಂತರವನ್ನು ಕಡಿಮೆ ಮಾಡು, ಇಲ್ಲವೇ ಉದ್ದವನ್ನು ಕಡಿಮೆ ಮಾಡು ಎಂದು ಹಳೆಯ ಮುದ್ರಕರು ಹೇಳುವ ಮಾತಿನ ಹಿಂದೆ ಈ ಲೆಕ್ಕವಿದೆ.

ಸ್ಟಿಕ್ಕರ್ ಕತ್ತರಿಸುವ ಪ್ಲಾಟರಿಗಂತೂ ಇಷ್ಟು ಛಾಯೆಯೂ ಇಲ್ಲ. ಅದರ ಬ್ಲೇಡು ಗೆರೆಯ ಮೇಲೆ ಮಾತ್ರ ಓಡುತ್ತದೆ. ಬೋಟಿನ ಹೆಸರಿಗೆ ನೆರಳು ಬೇಕಿದ್ದರೆ ನೆರಳಿನದೇ ಒಂದು ಆಕಾರ ಬರೆದು ಬೇರೆ ಬಣ್ಣದ ಹಾಳೆಯಲ್ಲಿ ಕತ್ತರಿಸಿ ಅಂಟಿಸಬೇಕು. ಯಾವ ನೆರಳು ಅಗತ್ಯ, ಯಾವುದನ್ನು ಬಿಡಬಹುದು ಎಂಬ ವಿವೇಕ ಇಲ್ಲಿ ಬೇಕಾಗುತ್ತದೆ. ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿದವರಿಗೆ ಈ ವಿವೇಕದ ಪರಿಚಯವಿದೆ. ಕುಣಿಯುವ ಮೈಯ ತೂಕವನ್ನು ನೆರಳಿನ ಹಂಗಿಲ್ಲದೆ ಒಂದೇ ಗೆರೆಯಲ್ಲಿ ತೋರಿಸಿದವರು ಅವರು.

ಕಾಪುವಿನ ದೀಪಸ್ತಂಭ, ಕಾರ್ಕಳದ ಕಲ್ಲು

ಶೇಡಿಂಗ್ ಕಲಿಯಲು ನಮ್ಮ ಜಿಲ್ಲೆಯಲ್ಲಿ ಎರಡು ಒಳ್ಳೆಯ ಪಾಠಶಾಲೆಗಳಿವೆ, ಎರಡಕ್ಕೂ ಶುಲ್ಕವಿಲ್ಲ. ಮೊದಲನೆಯದು ಕಾಪು ಕಡಲತೀರದಲ್ಲಿ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ, ಸುಮಾರು 27 ಮೀಟರ್ ಎತ್ತರದ ದೀಪಸ್ತಂಭ. ಇದು ಒಂದು ಕಂಬ, ಅಂದರೆ ಗ್ರೇಡಿಯೆಂಟ್ ಕಲಿಯುವವರ ಮೊದಲ ಆಕಾರ. ಅಸರ್ ಹೊತ್ತಿನಲ್ಲಿ ಅದರ ಒಂದು ಮಗ್ಗುಲಿಗೆ ನಿಂತು, ಕಡಲು ಎಡಕ್ಕಿರುವಂತೆ ನೋಡಿದರೆ ಬಿಸಿಲು ಎಡದಿಂದ ಬೀಳುತ್ತದೆ. ಅತ್ಯಂತ ಬೆಳಕಿನ ಭಾಗ ಎಡ ಅಂಚಿನಲ್ಲಿಲ್ಲ, ಸ್ವಲ್ಪ ಒಳಗಿದೆ. ಅಲ್ಲಿಂದ ಬಲಕ್ಕೆ ಬಣ್ಣ ನಿಧಾನವಾಗಿ ಇಳಿಯುತ್ತದೆ. ಅತ್ಯಂತ ಕಡುವಾದ ಭಾಗವೂ ಬಲ ಅಂಚಿನಲ್ಲಿಲ್ಲ. ಅಂಚಿಗೆ ಬರುವಷ್ಟರಲ್ಲಿ ಮರಳಿನಿಂದಲೂ ಆಕಾಶದಿಂದಲೂ ಮರಳಿ ಬಂದ ಬೆಳಕು ಅದನ್ನು ತುಸು ತಿಳಿಗೊಳಿಸಿದೆ. ಗ್ರೇಡಿಯೆಂಟಿನಲ್ಲಿ ಎರಡು ಬಣ್ಣ ಹಾಕುವವರ ಕಂಬ ತಗಡಿನ ಹಾಳೆಯಂತಿರುತ್ತದೆ. ಈ ಐದು ಜಾಗಗಳನ್ನು ಗುರುತಿಸಿ ಐದು ಬಣ್ಣ ಇಟ್ಟವರ ಕಂಬ ಗುಂಡಗೆ ನಿಲ್ಲುತ್ತದೆ.

ಸ್ತಂಭದ ಮೈಮೇಲಿನ ಕಪ್ಪು-ಬಿಳಿ ಪಟ್ಟೆಗಳು ಇನ್ನೊಂದು ಪಾಠ ಹೇಳುತ್ತವೆ. ಬಿಳಿಯ ಪಟ್ಟೆಯ ನೆರಳಿನ ಭಾಗ ಬೂದು, ಕಪ್ಪು ಪಟ್ಟೆಯ ಬಿಸಿಲಿನ ಭಾಗವೂ ಬೂದು. ವಸ್ತುವಿನ ಬಣ್ಣ ಬೇರೆ, ಅದರ ಮೇಲೆ ಬಿದ್ದ ಬೆಳಕು ಬೇರೆ ಎಂಬುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ತಿಳಿದ ಚಿತ್ರಕಾರ ಪಟ್ಟೆಗಳನ್ನು ಮೊದಲು ಚಪ್ಪಟೆಯಾಗಿಯೇ ಬರೆದು, ಅವುಗಳ ಮೇಲೆ ಇಡೀ ಸ್ತಂಭಕ್ಕೆ ಒಂದೇ ಪಾರದರ್ಶಕ ನೆರಳಿನ ಪದರ ಹಾಸುತ್ತಾನೆ. ಸ್ತಂಭದ ನೆರಳು ನೆಲದ ಮೇಲೆ ಎಷ್ಟು ಉದ್ದ? ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ನಡುವಿನ ನಂತರ ಸೂರ್ಯ ನಡುಹಗಲಿಗೆ ನೇರ ನೆತ್ತಿಯ ಮೇಲೆ ಬರುತ್ತಾನೆ, ಕೋಲಿಗೆ ನೆರಳೇ ಇರುವುದಿಲ್ಲ. ಆ ದಿನಗಳಲ್ಲಿ ನೆರಳು ಕೋಲಿನಷ್ಟೇ ಉದ್ದವಾದಾಗ ಸೂರ್ಯ ಸರಿಯಾಗಿ 45 ಡಿಗ್ರಿ ಎತ್ತರದಲ್ಲಿರುತ್ತಾನೆ. ಎರಡು ಪಟ್ಟಾದಾಗ ಸುಮಾರು 27 ಡಿಗ್ರಿ. ಮದ್ರಸದಲ್ಲಿ ಅಸರ್‌ನ ಹೊತ್ತು ಕಲಿತ ಹುಡುಗನಿಗೆ ಬೀಳುನೆರಳಿನ ಗಣಿತ ಅರ್ಧ ಬಂದಂತೆಯೇ.

ಎರಡನೆಯ ಪಾಠಶಾಲೆ ಕಾರ್ಕಳ. ಅಲ್ಲಿನ ಬೆಟ್ಟದ ಮೇಲೆ ವೀರಪಾಂಡ್ಯ ಅರಸ 1432ರಲ್ಲಿ ನಿಲ್ಲಿಸಿದ 42 ಅಡಿಯ ಏಕಶಿಲಾ ಗೊಮ್ಮಟನಿದ್ದಾನೆ. ಇದೇ ಊರಿನ ಶಿಲ್ಪಿ ರೆಂಜಾಳ ಗೋಪಾಲ ಶೆಣೈಯವರ ನೇತೃತ್ವದಲ್ಲಿ 39 ಅಡಿಯ ಇನ್ನೊಂದು ಬಾಹುಬಲಿ ವಿಗ್ರಹ ರೂಪುಗೊಂಡು 1973ರಲ್ಲಿ ಧರ್ಮಸ್ಥಳಕ್ಕೆ ಸಾಗಿತು. ಜೈನ ಬಾಂಧವರಿಗೆ ಅದು ಆರಾಧನೆಯ ರೂಪ, ಕಲಿಯುವವರಿಗೆ ಬೆಳಕಿನ ದೊಡ್ಡ ಪುಸ್ತಕ. ಶಿಲ್ಪಿ ಕಲ್ಲಿಗೆ ನೆರಳು ಬಳಿಯುವುದಿಲ್ಲ. ಎಲ್ಲಿ ಎಷ್ಟು ಆಳ ತೆಗೆದರೆ ಬಿಸಿಲು ಅಲ್ಲಿ ನೆರಳು ಬರೆಯುತ್ತದೆ ಎಂದು ಮೊದಲೇ ಅರಿತು ಉಳಿ ಹಿಡಿಯುತ್ತಾನೆ. ಬೆಳಿಗ್ಗೆ ಓರೆ ಬಿಸಿಲಿನಲ್ಲಿ ಕಂಡ ಮುಖ ನಡುಹಗಲಿನಲ್ಲಿ ಬೇರೆಯಾಗಿ ಕಾಣುವುದು ಇದರಿಂದಲೇ. ಮೆಶ್ ಬಳಸುವವರು ಬಲೆಯ ಗೆರೆಗಳನ್ನು ಹೇಗೆಂದರೆ ಹಾಗೆ ಹಾಕದೆ, ಮೈ ಎಲ್ಲಿ ತಿರುಗುತ್ತದೆಯೋ ಅಲ್ಲಿ ಹಾಕಬೇಕು ಎಂಬ ನಿಯಮ ಇದೇ ಉಳಿಯ ವಿವೇಕ. ಗೆರೆಗಳು ಕಡಿಮೆಯಿದ್ದಷ್ಟೂ ನೆರಳು ನಯವಾಗಿರುತ್ತದೆ.

ಬೋರ್ಡು ಬರೆಯುತ್ತಿದ್ದವರು

ಈ ಚರಿತ್ರೆಯಲ್ಲಿ ನಾವು ಮರೆತ ಒಂದು ವರ್ಗವಿದೆ. 2000ದ ನಂತರದ ವರ್ಷಗಳಲ್ಲಿ ಫ್ಲೆಕ್ಸ್ ಯಂತ್ರಗಳು ಊರೂರಿಗೆ ಬರುವವರೆಗೆ ಅಂಗಡಿಯ ಬೋರ್ಡು, ಬಸ್ಸಿನ ಹಣೆ, ಬೋಟಿನ ಹೆಸರು, ಗೋಡೆಯ ಜಾಹೀರಾತು ಎಲ್ಲವನ್ನೂ ಕುಂಚದಿಂದ ಬರೆಯುತ್ತಿದ್ದ ಪೇಂಟರ್‌ಗಳು ನಮ್ಮಲ್ಲಿದ್ದರು. ಅವರಲ್ಲಿ ಎಲ್ಲ ಜಾತಿ ಧರ್ಮದವರಿದ್ದರು. ಅಕ್ಷರಕ್ಕೆ ಶೇಡ್ ಕೊಡುವಾಗ ಬೋರ್ಡಿನ ಮೊದಲ ಅಕ್ಷರದಿಂದ ಕೊನೆಯ ಒತ್ತಕ್ಷರದವರೆಗೆ ನೆರಳು ಒಂದೇ ಮಗ್ಗುಲಿಗೆ ಬೀಳಬೇಕು ಎಂಬುದನ್ನು ಅವರು ಎಂದೂ ತಪ್ಪುತ್ತಿರಲಿಲ್ಲ. ಎರಡು ಬಣ್ಣ ಒಣಗುವ ಮೊದಲೇ ಒಣಕುಂಚದಿಂದ ಬೆರೆಸಿ ಅವರು ತರುತ್ತಿದ್ದ ಛಾಯೆಯೇ ಇಂದಿನ ಗ್ರೇಡಿಯೆಂಟ್.

ಫ್ಲೆಕ್ಸ್ ಬಂದು ಕೆಲವೇ ವರ್ಷಗಳಲ್ಲಿ ಅವರ ಕೆಲಸ ಹೋಯಿತು. ಕೆಲವರು ಮನೆಗೆ ಸುಣ್ಣಬಣ್ಣ ಬಳಿಯುವ ಕೆಲಸಕ್ಕಿಳಿದರು, ಕೆಲವರು ಗಲ್ಫ್‌ಗೆ ಹೋದರು. ಕಂಪ್ಯೂಟರ್ ಕಲಿತು ದಾಟಿಬಂದವರು ಕೆಲವರೇ. ಹಾಗೆ ದಾಟಿಬಂದವರು ಮಾಡಿದ ಚಿತ್ರ ಬೇರೆಯಾಗಿಯೇ ಕಾಣುತ್ತದೆ, ಏಕೆಂದರೆ ಮೌಸ್ ಹಿಡಿದ ಕೈಗೆ ಬೆಳಕು ಗೊತ್ತಿತ್ತು. ಉಳಿದವರ ಅರಿವು ಯಾವ ಪುಸ್ತಕದಲ್ಲಿಯೂ ಇಲ್ಲ. 2016ರ ಮಾರ್ಚ್‌ನಲ್ಲಿ ರಾಜ್ಯ ಸರಕಾರ ಪ್ಲಾಸ್ಟಿಕ್ ಚೀಲಗಳ ಜೊತೆ ಫ್ಲೆಕ್ಸ್‌ಗಳನ್ನೂ ನಿಷೇಧಿಸಿತಾದರೂ ರಸ್ತೆಗಳಿಂದ ಫ್ಲೆಕ್ಸ್ ಹೋಗಲಿಲ್ಲ, ಬಿಟ್ಟುಹೋದ ಕುಂಚವೂ ಮರಳಿ ಬರಲಿಲ್ಲ.

ನೆರಳು ಬೀಳುವ ಚಿತ್ರ, ಬೀಳದ ಚಿತ್ರ

ಮುಸ್ಲಿಮ್ ಮನೆಗಳಿಂದ ಬರುವ ಕಲಿಕೆಯ ಮಕ್ಕಳಿಗೆ ಇನ್ನೊಂದು ಪ್ರಶ್ನೆಯಿದೆ. ಅದನ್ನು ಮರೆಮಾಚುವುದು ಸರಿಯಲ್ಲ. ಚಿತ್ರ ಬರೆಯುವುದು ಸಮ್ಮತವೇ ಎಂದು ಮನೆಯಲ್ಲಿ ಕೇಳುತ್ತಾರೆ. ಸ್ವಾರಸ್ಯವೆಂದರೆ ಫಿಕ್‌ಹ್‌ನ ಈ ಚರ್ಚೆಯ ಒಂದು ಮುಖ್ಯ ಮಾತೇ ನೆರಳು. ಜೀವವಿರುವವುಗಳ ರೂಪಗಳಲ್ಲಿ ನೆಲದ ಮೇಲೆ ನೆರಳು ಬೀಳುವಂಥವು, ಬೀಳದಂಥವು ಎಂದು ವಿದ್ವಾಂಸರು ವಿಂಗಡಿಸಿದರು. ನೆರಳು ಬೀಳುವ ಪ್ರತಿಮೆ ನಿಷಿದ್ಧ, ನೆರಳು ಬೀಳದ ಚಪ್ಪಟೆ ಚಿತ್ರ ಮಕ್‌ರೂಹ್ ಎಂಬುದು ಮಾಲಿಕೀ ವಿದ್ವಾಂಸರಲ್ಲಿ ಕಂಡುಬರುವ ನಿಲುವು. ಇಮಾಮ್ ನವವಿಯವರಂತಹ ಶಾಫಿಈ ವಿದ್ವಾಂಸರು ಈ ಭೇದವನ್ನು ಒಪ್ಪಲಿಲ್ಲ. 20ನೇ ಶತಮಾನದ ಆದಿಭಾಗದಲ್ಲಿ ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಬಖೀತ್ ಅಲ್ ಮುತೀಈ ಅವರು ಫೋಟೋವನ್ನು ಸಮ್ಮತವೆಂದಾಗ ಕೊಟ್ಟ ಕಾರಣವೂ ನೆರಳೇ. ಇದು ಹೊಸದಾಗಿ ರೂಪಿಸುವುದಲ್ಲ, ಇರುವ ನೆರಳನ್ನು ಹಿಡಿದಿಡುವುದು ಎಂದರು ಅವರು.

ಫತ್ವಾ ಕೊಡುವುದು ನಮ್ಮ ಕೆಲಸವಲ್ಲ. ಆದರೆ ಚಿತ್ರ ಬರೆದೇ ಬದುಕುತ್ತಿದ್ದ ಒಬ್ಬಾತ ಇಬ್ನು ಅಬ್ಬಾಸ್‌ರ ಬಳಿ ಬಂದಾಗ, ಬರೆಯಲೇಬೇಕಿದ್ದರೆ ಮರಗಳನ್ನೂ ಜೀವವಿಲ್ಲದ ವಸ್ತುಗಳನ್ನೂ ಬರೆ ಎಂದು ಅವರು ದಾರಿ ತೋರಿದ ಪ್ರಸಂಗ ಹದೀಸ್ ಗ್ರಂಥಗಳಲ್ಲಿದೆ. ಎದುರಿಗೆ ನಿಂತವನಿಗೆ ಹೊಟ್ಟೆಪಾಡಿದೆ ಎಂಬುದನ್ನು ಅವರು ಮರೆಯಲಿಲ್ಲ. ತೆಂಗಿನ ಮರ, ದೀಪಸ್ತಂಭ, ಬೋಟು, ತಾಮ್ರದ ಚೆಂಬು, ಮಸೀದಿಯ ಕಮಾನು ಇವಿಷ್ಟರಲ್ಲಿಯೇ ಶೇಡಿಂಗ್‌ನ ಎಲ್ಲ ಪಾಠಗಳೂ ಇವೆ. ಯಾರ ಮನಸ್ಸಾಕ್ಷಿ ಎಲ್ಲಿಗೆ ಗೆರೆ ಎಳೆದರೂ ಕಲಿಯಲು ಬೇಕಾದಷ್ಟು ಉಳಿದಿದೆ. ಚಿತ್ರದ ಕೆಲಸವೆಂಬ ಕಾರಣಕ್ಕೆ ಒಬ್ಬ ಹುಡುಗಿಯನ್ನು ತರಗತಿಯಿಂದ ಬಿಡಿಸುವ ಮೊದಲು ತಂದೆ ತಾಯಿ ಇದನ್ನು ಯೋಚಿಸಬೇಕು.

ಮನಸ್ಸಾಕ್ಷಿಯ ಮಾತು ಬಂದಾಗ ಇನ್ನೊಂದನ್ನೂ ಹೇಳಬೇಕು. ನಮ್ಮ ಅಂಗಡಿಗಳಲ್ಲಿ ಎಷ್ಟೋ ಮಂದಿ ಶೇಡಿಂಗ್ ಕಲಿತದ್ದು ಹಣ ಕೊಡದೆ ನಕಲು ಮಾಡಿಕೊಂಡ ತಂತ್ರಾಂಶದಲ್ಲಿ. ಇಂದು ಆ ನೆಪ ಉಳಿದಿಲ್ಲ. 2003ರಲ್ಲಿ ಆರಂಭವಾದ ಇಂಕ್‌ಸ್ಕೇಪ್ ಎಲ್ಲರಿಗೂ ಉಚಿತ. 2007ರಲ್ಲಿ ಅದಕ್ಕೆ ಅಂಚನ್ನು ಮಸುಕಾಗಿಸುವ ಬ್ಲರ್ ಬಂತು, 2017ರಲ್ಲಿ ಮೆಶ್ ಕೂಡ ಬಂತು. ಉಡುಪಿಯಲ್ಲಿ ನೆಲೆಸಿ ಕನ್ನಡಕ್ಕೆ ಕೀಲಿಮಣೆ ವಿನ್ಯಾಸ ರೂಪಿಸಿದ ಕೆ.ಪಿ. ರಾವ್ ಅವರು ಅದನ್ನು ತಮ್ಮ ಸೊತ್ತೆಂದು ಹಿಡಿದಿಟ್ಟುಕೊಳ್ಳದೆ ನಾಡಿಗೆ ಬಿಟ್ಟುಕೊಟ್ಟರು. ಅದನ್ನೇ ಸರಕಾರ ಒಪ್ಪಿಕೊಂಡಿತು, ನಾವೆಲ್ಲ ಇಂದು ಕನ್ನಡ ಟೈಪ್ ಮಾಡುವುದು ಆ ಔದಾರ್ಯದಿಂದ. ಅಂತಹ ಊರಿನ ಮಕ್ಕಳಿಗೆ ಹಂಚಿಕೊಂಡು ಕಲಿಯುವ ದಾರಿ ಹೊಸದಾಗಬಾರದು.

ಕೊನೆಗೆ ಒಂದು ಕೋರಿಕೆ. ನಿಮ್ಮ ಊರಿನಲ್ಲಿ ಹಿಂದೆ ಬೋರ್ಡು ಬರೆಯುತ್ತಿದ್ದ ಹಿರಿಯರೊಬ್ಬರು ಇನ್ನೂ ಇದ್ದರೆ, ಕಂಪ್ಯೂಟರ್ ಕಲಿಯುವ ಮಕ್ಕಳನ್ನು ಒಮ್ಮೆ ಅವರ ಬಳಿಗೆ ಕರೆದೊಯ್ಯಿರಿ. ನೆರಳು ಎತ್ತ ಬೀಳಬೇಕು, ಎಷ್ಟು ಕಡುವಾಗಬೇಕು, ಎಲ್ಲಿ ನಿಲ್ಲಬೇಕು ಎಂದು ಕೇಳಲಿ. ಮತ್ತೆ ಒಂದು ದಿನ ಅಸರ್ ಹೊತ್ತಿಗೆ ಅಂಗಳದಲ್ಲಿ ಒಂದು ಕೋಲು ನೆಟ್ಟು ಅದರ ನೆರಳನ್ನು ಅಳೆಯಲಿ. ಅಷ್ಟಾದ ಮೇಲೆ ಕಂಪ್ಯೂಟರ್ ತೆರೆದರೆ ಕೈ ತಪ್ಪುವುದು ಕಡಿಮೆ.